ಜಂಗು

ಕಪನೂರದಾಗ ಕರೆಂಟು ಹೋತು.
ದಾಲ್ ಮಿಲ್ಲಿನ ಸಪ್ಪಳ ನಿಂತು, ತೊಗರಿ ಹೊಟ್ಟಿನ ಧೂಳು
ಸಾವಕಾಶ ಇಳೀತಿತ್ತು ನಮ್ಮ ಶೆಡ್ಡಿನ ಮುಂದ
ಎತ್ತಿಟ್ಟ ಬಾಡಿ ಮ್ಯಾಲ,
ಅದರ ಬಾಜೂ ಬತ್ತಲೆ ಬಿದ್ದ ಚೌಕಟ್ಟಿನ ಮ್ಯಾಲ.

ಸ್ಟ್ಯಾಂಡರ್ಡ್ ಹೆರಾಲ್ಡ್. ಅರವತ್ತೇಳನೇ ಇಸವಿದು.
ಬೋಲ್ಟು ಬಿಚ್ಚಲಿಕ್ಕೇ ನಾಲ್ಕು ದಿನ:
ರಾತ್ರಿ ಘಾಸಲೇಟು ಕುಡಿಸೋದು, ಮುಂಜಾನೆ ಗ್ಯಾಸಿನ ಉರಿ ಹಿಡಿಯೋದು,
ಆಮ್ಯಾಲ ಪಾನಾ ಹಾಕಿ ಉಸಿರು ಬಿಗಿಹಿಡಿಯೋದು.
ಐದು ಮುರಿದ್ವು. ಮುರಿದಾಗೊಮ್ಮೆ ಇಲಿಯಾಸ
ತಂದೇ ತಪ್ಪು ಅನ್ನೋಹಂಗ ತಲಿ ತಗ್ಗಸ್ತಿದ್ದ.

ಪುಸ್ತಕದಾಗ ತುಕ್ಕು, ನಮ್ಮ ಕಡೆ ಜಂಗು.
ಜಂಗ್ ಅಂದ್ರ ಲಡಾಯಿನೂ ಹೌದು ಅಂತಾನ ಇಲಿಯಾಸ,
ಬರಿಯೋ ಅಕ್ಷರ ಬ್ಯಾರೆ, ನಮ್ಮ ಬಾಯಾಗ ಎರಡೂ ಒಂದ.
ನನಗ ಹಂಗ ಅನಸಂಗಿಲ್ಲ. ಲಡಾಯಿಗೆ ಸಪ್ಪಳ ಇರ್ತದ.
ಇದು ಸುಮ್ಮನ ತಿಂತದ,
ಮ್ಯಾಗ ಬಣ್ಣ ಕಡಬಿನಂಗ ಉಬ್ಬಿಸಿ.

ಸಣ್ಣ ಸುತ್ತಗಿ ತಗೊಂಡು ಬಡಕೋತ ಹೋದೆ.
ಕಬ್ಬಿಣ ಇದ್ದಲ್ಲೆಲ್ಲಾ ಠಣ್.
ಠಣ್. ಠಣ್.
ಹಿಂದಿನ ಎಡಗಡೆ ತೋಳಿಗೆ ಬಂದಾಗ
ದಬ್,
ಒಡಕ ಗಡಿಗಿ ಬಡದಂಗ.

ತಂತಿ ಬ್ರಷ್ಷಿಲೆ ತಿಕ್ಕಿದೆ. ಕೆಂಪು ಹೊಟ್ಟು ಉದುರಿತು,
ಕೆಳಗ ಕರಿ ಪದರ, ಅದರ ಕೆಳಗ
ಒಂದು ಬೆಸುಗೆ.
ಕೌದಿ ಅಂಚಿನ ಹೊಲಿಗಿ ಹಂಗ ಒತ್ತೊತ್ತು,
ಕೊನಿಗೆ ಎಡಕ್ಕ ಹೊಳ್ಳಿದ ಸಣ್ಣ ಬಾಲ.
ಈ ಊರಾಗ ಹಂಗ ಬಾಲ ಬಿಡವ ಒಬ್ಬನ ಎಡಚ,
ಮಾಣಿಕಪ್ಪ ಮಿಸ್ತ್ರಿ. ನಮ್ಮಪ್ಪ.

ಟೆಂಗಳಿ ಮೇಡಂ ಫೋನಿನಾಗ ನೆನಸಿಕೊಂಡ್ರು:
ಹೌದಪ್ಪ, ಮಳಖೇಡದ ಹತ್ರ ಕಾಗಿಣಾ ಬಂದಿತ್ತು,
ಉತ್ತರಪತ್ರಿಕಿ ಗಂಟು ತಲಿಮ್ಯಾಲ ಹೊತಗೊಂಡು ಇಳಿದೆ ನಾ,
ಗಾಡಿ ರಾತ್ರಿಯೆಲ್ಲಾ ನೀರಾಗ ನಿಂತಿತ್ತು,
ಆಮ್ಯಾಲ ಯಾರೋ ರಿಪೇರಿ ಮಾಡಿಕೊಟ್ರು.
ಯಾರೋ ಅಂದ್ರು.
ನಾನೂ ಹೆಸರು ಹೇಳಲಿಲ್ಲ.

ಸುತಳಿ ಎಳದು ಮೂಲಿಂದ ಮೂಲಿಗೆ ಅಳದ್ವಿ:
ಅರ್ಧ ಇಂಚು ಫರಕು.
ಅರ್ಧ ಇಂಚು ಸೊಟ್ಟ ಇದ್ದಕೊಂಡೇ
ಗಾಡಿ ಇಷ್ಟು ವರ್ಷ ಸಾಲಿಗೆ ಹೋಗಿ ಬಂದದ.

ಗ್ರೈಂಡರ್ ಹಚ್ಚೋಕಿಂತ ಮದಲ ಒಂದು ಚಹಾ ಕುಡದೆ.
ಇನ್ನೊಂದು ಕುಡದೆ.
ಕೊಯ್ದೆ.
ಒಳಗಿಂದ ಮಣ್ಣು ಬಂತು, ಕಾಗಿಣಾದ ಕರಿ ಮಣ್ಣು,
ಒಂದು ಬಸಿ ತುಂಬ, ಒಣ ಪುಡಿ,
ನಡುವ ಉಗುರಿನಷ್ಟು ಬಸವನಹುಳದ ಚಿಪ್ಪು.
ಹೊಳಿ ಇನ್ನೂ ಒಳಗಿದ್ದಾಗಲೇ
ಅಪ್ಪ ಬಾಗಿಲು ಮುಚ್ಚಿಬಿಟ್ಟಿದ್ದ.
ಸುತ್ತಾ ಭದ್ರ. ಸೂಜಿ ತೂರೋ ಸಂದಿಲ್ಲ.
ನೀರು ಹೊರಗ ಹೋಗೋ ದಾರಿನೂ ಇಲ್ಲ.

ಸಂಜಿಕಿ ಬಂದ ಅವ, ದಿನಾ ಬಂದಂಗ,
ಸೈಕಲ್ ಗ್ವಾಡಿಗೆ ಆನಿಸಿ, ನನ್ನ ಕೆಲಸಕ್ಕ ಹೆಸರಿಡಲಿಕ್ಕೆ.
ಕೊಯ್ದ ತುಂಡು ಪರಸಿ ಮ್ಯಾಗ ಬಿದ್ದಿತ್ತು.
ನಡುಗೋ ಕೈಯಾಗ ಹಿಡಿದ, ಹೆಬ್ಬೆರಳು ಓಡಿಸಿದ,
ಬಾಲದ ಹತ್ರ ಬಂದು ನಿಂತ.
ಹಿಡದದೇನು?
ಬೆಸುಗೆ ಹಿಡದದ ಯಪ್ಪಾ. ಅತ್ತಿತ್ತಲ ಕಬ್ಬಿಣ ಹೋಗ್ಯಾದ.
ಬಸಿಯಾಗಿನ ಮಣ್ಣು ನೋಡಿದ.
ತೂತು?
ಇಲ್ಲ.
ಬೀಡಿ ಹಚ್ಚಿದ. ಆರಿತು. ಹಚ್ಚಲಿಲ್ಲ.
ಎಂಟು ಎಂಎಂದು ಹಾಕು, ಅಂದ. ತಳಕ್ಕ.
ಎರಡು ಹಾಕು.

ಬ್ಯಾಳಿ ಡಬ್ಬಿಯ ರಟ್ಟು ಕತ್ತರಿಸಿ ನಮೂನಿ ತಗದೆ,
ಹೊಸ ಹಾಳಿ ಕೂಡಿಸಿದೆ, ಸುತಳಿ ಹೊಂದ್ಯೋತನಕ
ಜಾಕು ಕೊಟ್ಟು ಕೊಟ್ಟು ನೋಡಿದೆ.
ಕೆಂಪು ರೆಡಾಕ್ಸೈಡ್, ಜಂಗಿನ ಬಣ್ಣದ್ದ
ಜಂಗಿನ ಔಷಧ.
ಕಡೀಕ ಹಳೆ ಎಂಜಿನ್ ಆಯಿಲ್ ಒಳಗ ಸುರುವಿ
ಮೂರೂ ಜನ ಕುಕ್ಕರಗಾಲಿಲೆ ಕುಂತ್ವಿ
ತಳದ ತೂತಿಗೆ ಕಣ್ಣಿಟ್ಟು.
ತಡ ಆತು.
ಅಪ್ಪ ತೋಳಿಗೆ ಕಿವಿ ಹಚ್ಚಿದ.
ಬರಲಿಕ್ಹತ್ಯದ, ಅಂದ.