ಹಕ್ಕರಕಿ

ನಮ್ಮ ಕಡೆ ಹೊಲದ ಕಳೆಗೂ ಕಸ ಅಂತಾರೆ,
ಬೀದಿಯಲ್ಲಿ ಬಿದ್ದದ್ದಕ್ಕೂ ಕಸ.
ಹಾಗಾಗಿ ನಗರಸಭೆಯಲ್ಲಿ
'ಕಸ ತೆಗಿಯಾಕ ಬರ್ತದೇನು, ಮೌನೇಶ?' ಅಂದಾಗ
ಯಾವ ಕಸ ಅಂತ ಕೇಳಲಿಲ್ಲ ನಾನು.
ಬೆನ್ನಿಗೆ ಹದಿನಾರು ಲೀಟರಿನ ಡಬ್ಬಿ ಬಿಗಿದರು.

ರಾಯಚೂರು ಕೋಟೆಯ ಕಂದಕದ ಬದಿ, ಪಾರ್ಕು.
ಸೀಗಿ ಹುಣ್ಣಿಮೆ ಕಳೆದ ವಾರ.
ಹಾಸುಗಲ್ಲಿನ ಸಂದಿಸಂದಿಗೆ ಜೇಕು, ಕರಿಕೆ, ನೆಗ್ಗಿನ ಮುಳ್ಳು,
ಬೆಂಚಿನ ಕಾಲು ಹಿಡಿದು ಉತ್ತರಾಣಿ,
ಗೇಟಿನ ಹೊರಗೆ ಎದೆಯೆತ್ತರ ಕಾಂಗ್ರೆಸ್ ಕಸ.
ಎಡಗೈಗೆ ಹಿಡಿಕೆ, ಬಲಗೈಗೆ ನಳಿಕೆ,
ಹಿಂದಕ್ಕೆ ಹಿಂದಕ್ಕೆ ನಡೆದೆ.
ಮುಂದೆ ನಡೆದರೆ ಕಾಲಿಗೆ ಸಿಡಿಯುತ್ತದೆ,
ಇಷ್ಟು ಮಾತ್ರ ಕಲಿಸಿದ್ದರು.

ಎಂಟು ದಿನಕ್ಕೆ ಹಳದಿ, ಹತ್ತಕ್ಕೆ ಕಂದು.
ಸಾಹೇಬರು ಫೋಟೊ ತೆಗೆದರು.
ನನ್ನ ಬೆನ್ನು ತಟ್ಟಲಿಲ್ಲ,
ಡಬ್ಬಿ ತಟ್ಟಿದರು.

ಎರಡನೇ ಸಲ, ಕಟ್ಟೆಯ ಬದಿ ಹೊಡೆದ ಮರುದಿನ ಬೆಳಿಗ್ಗೆ
ಅಲ್ಲೇ ಕುಕ್ಕರಗಾಲಲ್ಲಿ ಖಾಜಾಬಿ.
ಮಡಿಲ ತುಂಬ ಎಳೆ ಹಕ್ಕರಕಿ.
'ರೊಟ್ಟಿಗಿ ಆತು. ಶೇಂಗಾ ಹಿಂಡಿ ಅದ ಮನ್ಯಾಗ,
ಮೊಮ್ಮಗಳಿಗಿ ಇದೇ ಬೇಕು.'
ಹಸಿರಾಗೇ ಇತ್ತು ಅದು,
ಹಳದಿಯಾಗಲು ಇನ್ನೂ ವಾರವಿತ್ತು.
ಇಬ್ಬನಿಯೋ ನನ್ನ ಡಬ್ಬಿಯದೋ
ಎಲೆಯ ಮೇಲೆ ಹೊಳೆಯುತ್ತಿತ್ತು.

'ಎಣ್ಣಿ ಹೊಡದೀನಿ, ಖಾಲಾ.'
ನಾವು ವಿಷಕ್ಕೆ ಎಣ್ಣಿ ಅಂತೇವೆ,
ದೀಪಕ್ಕೆ ಹಾಕುವುದಕ್ಕೂ ಅದೇ ಹೆಸರು.
ಅವಳು ತಕ್ಷಣ ಮಡಿಲು ಕೊಡವಲಿಲ್ಲ.
ಒಂದೊಂದೇ ಎಸಳು ತೆಗೆದು ಕಲ್ಲಿನ ಮೇಲಿಟ್ಟಳು,
ಲೆಕ್ಕ ಒಪ್ಪಿಸುವವಳ ಹಾಗೆ.
ಆಮೇಲೆ ನಳದ ಕೆಳಗೆ ಮೊಣಕೈತನಕ ತೊಳೆದುಕೊಂಡು
'ಮೊನ್ನಿ ಒಯ್ದದ್ದು?' ಅಂದಳು.
ಮೊನ್ನೆ ಇಲ್ಲಿ ಹೊಡೆದಿರಲಿಲ್ಲ. ಹೇಳಿದೆ.
ನಂಬಿದಳೋ ಇಲ್ಲವೋ.

ಅಂದಿನಿಂದ ಹುಡುಕಾಟ.
ಉಪ್ಪು ಸುರಿದೆ: ಕಸ ಸತ್ತಿತು,
ಪಕ್ಕದ ದಾಸವಾಳವೂ ಸತ್ತಿತು, ಕಲ್ಲಿಗೆ ಬಿಳಿ ಕಟ್ಟಿತು.
ಎರಡು ಆಡು ತಂದು ಬಿಟ್ಟೆ: ಗುಲಾಬಿ ತಿಂದವು,
ಕಾಂಗ್ರೆಸ್ ಕಸ ಮೂಸಿ ಮುಖ ತಿರುವಿದವು.
ಗುಲಾಬಿಯ ರೊಕ್ಕ ನನ್ನ ಪಗಾರದಲ್ಲಿ ಮುರಿದರು.
ಮಿರ್ಚಿ ಅಂಗಡಿಯ ಶರಬಯ್ಯ
ಕೆಟಲು ತುಂಬ ಕುದಿನೀರು ಕೊಟ್ಟ.
ಸಂದಿಗೆ ಹೊಯ್ದರೆ ಸಂಜೆಯೊಳಗೆ
ಬೆಂದ ಪಲ್ಯದ ಹಾಗೆ ಮಲಗುತ್ತದೆ ಕಸ.
ಜೇಕು ಮಾತ್ರ ನಾಲ್ಕನೇ ದಿನ ಎದ್ದು ಕೂರುತ್ತದೆ.
ಅದರ ಗಡ್ಡೆ ಆಳದಲ್ಲಿ,
ಮೇಲಿನ ಸುದ್ದಿ ಅದಕ್ಕೆ ಮುಟ್ಟುವುದಿಲ್ಲ.

ಕಡೆಗೆ ನಮ್ಮವ್ವನ ಕುರ್ಚಿಗಿ.
ಮಂದಿಯ ಮೆಣಸಿನಕಾಯಿ ಹೊಲದಲ್ಲಿ ಸವೆದು ಸವೆದು
ಅಂಗೈಯಗಲದ ಅಲಗು ಎರಡು ಬೆರಳಗಲ.

ಸಾಹೇಬರು ಲೆಕ್ಕ ಕೇಳಿದರು.
ಡಬ್ಬಿಗಾದರೆ ಒಂದು ತಾಸು.
ಕುರ್ಚಿಗಿಗೆ ನಾಲ್ಕು ಆಳು, ಮೂರು ದಿನ.
'ಕೂಲಿ ಯಾರಪ್ಪ ಕೊಡ್ತಾನ?'
ಉತ್ತರ ಬರಲಿಲ್ಲ ನನಗೆ. ಈಗಲೂ ಬರುವುದಿಲ್ಲ.
'ಎಲ್ಲಾ ಯಾಕ ಕೀಳ್ಬೇಕ್ರಿ?' ಅಂದೆ.
'ದಾರಿ ಮ್ಯಾಲಿಂದು ತೆಗೀತೀನಿ,
ಕಾಂಗ್ರೆಸ್ ಕಸ ಹೂವು ಬಿಡೂದ್ರಾಗ ಕೀಳ್ತೀನಿ.
ಕಟ್ಟಿ ಬಾಜೂದು ಯಾರಿಗೇನು ಮಾಡೇತಿ?'
ಅವರು ಫೋಟೊ ತೆಗೆಯದೆ ಹೋದರು.
ಅದನ್ನೇ ಒಪ್ಪಿಗೆ ಅಂದುಕೊಂಡೆ.

ಈಗ ಬೆಳಗಾದರೆ ಅಲಗು ಕಲ್ಲಿಗೆ ತಾಗುವ ಸದ್ದು,
ಕಿರಕ್, ಕಿರಕ್, ತಾಸಿಗೆ ಆರು ಮಾರು.
ಕೈಗೆ ಚೀಲ ಕಟ್ಟಿಕೊಂಡರೂ
ಕಾಂಗ್ರೆಸ್ ಕಸದ ತುರಿಕೆ ಮಲಗಲು ಬಿಡುವುದಿಲ್ಲ.
ಡಬ್ಬಿ ಶೆಡ್ಡಿನ ಮೊಳೆಯಲ್ಲಿದೆ,
ಅದರ ಪಟ್ಟಿಯ ಗುರುತು ನನ್ನ ಹೆಗಲಲ್ಲಿ.

ಖಾಜಾಬಿ ಬರುತ್ತಾಳೆ, ತಂತಿಯಾಚೆ ನಿಂತು
'ಇವತ್ತು?' ಅನ್ನುತ್ತಾಳೆ.
'ಇಲ್ಲ, ಖಾಲಾ.'
ಒಳಗೆ ಬಂದು, ಬಗ್ಗಿ, ಒಂದೆಸಳು ಕಿತ್ತು
ಮೊದಲು ನನ್ನ ಕಡೆ ಚಾಚುತ್ತಾಳೆ.
ನಾನು ಅಗಿದು ನುಂಗುವ ತನಕ
ನೋಡುತ್ತ ನಿಲ್ಲುತ್ತಾಳೆ.