ಹಿಂದಿರುಗಿಸುವ ತಾರೀಖು

ನಾನಾ ಪೇಠೆಯ ಹಿಂದಿನ ಗಲ್ಲಿಯಲ್ಲಿ
ಚೌಕಿ ಮುಚ್ಚಿ ಎರಡು ವರ್ಷವಾಗಿತ್ತು.
ಏನು ಮಾಡೋಣ ಇದನ್ನ, ಎಂದು ವಾರ್ಡಿನ ಸಭೆ ಕೂಡಿದಾಗ
ಒಬ್ಬರು ಶೌಚಾಲಯ ಎಂದರು,
ಒಬ್ಬರು ಗಣಪತಿ ಮಂಡಳದ ಸಾಮಾನಿಡುವ ಕೋಣೆ,
ಟೈರಿನಂಗಡಿಯ ಝೂಂಬರಲಾಲ
ಗೋದಾಮಿಗೆ ಬಾಡಿಗೆ ಕೊಡಿ, ಎಂದ.
ಚಹಾ ಆರುವ ಹೊತ್ತಿಗೆ ವಾಚನಾಲಯವೆಂದಾಯಿತು;
ಪುಸ್ತಕ ಯಾರ ದಾರಿಗೂ ಅಡ್ಡ ಬರುವುದಿಲ್ಲವಲ್ಲ.

ಹೀಗೆ ನಾನು ಬಂದೆ.
ಅಕ್ಕಲಕೋಟೆ ಕಡೆಯವಳು:
ಒಲೆಯ ಮುಂದೆ ಕನ್ನಡ, ಬೀದಿಯಲ್ಲಿ ಮರಾಠಿ.
ಲಾಕಪ್ಪಿನಲ್ಲಿ ಮಕ್ಕಳ ಪುಸ್ತಕ ಇಟ್ಟೆ.
ಸರಳು ಕೀಳಲು ಟೆಂಡರ್ ಆಗಬೇಕಂತೆ,
ಅಲ್ಲಿಯವರೆಗೆ ಅವಕ್ಕೆ ಹಳದಿ ಬಣ್ಣ.

ಮೂರು ತಿಂಗಳು ಓದಲು ಯಾರೂ ಬರಲಿಲ್ಲ.
ಬಂದವರು ಚಪ್ಪಲಿ ಹೊರಗೆ ಬಿಟ್ಟು
ಹೊಸ್ತಿಲಲ್ಲೇ ನಿಂತು, ದನಿ ತಗ್ಗಿಸಿ
ಸಾಹೇಬರು ಇದ್ದಾರಾ, ಎನ್ನುತ್ತಿದ್ದರು.
ಮೇಕೆ ಕಳೆದಿದೆ. ನಲ್ಲಿಗೆ ಪಕ್ಕದವಳು ಬೀಗ ಹಾಕಿದ್ದಾಳೆ.
ಅಳಿಯ ಕುಡಿದು ಟಿವಿ ಒಡೆದ.
ಇದು ಲೈಬ್ರರಿ ಅಂದರೂ ಹೋಗರು,
ಬರಕೋ ಬಾಯಿ, ಬರೆದರೆ ಸಾಕು, ಎನ್ನುವರು.
ನನ್ನ ಹತ್ತಿರ ಇದ್ದದ್ದು ಒಂದೇ ರಿಜಿಸ್ಟರು.
ಅದರಲ್ಲೇ ಬರೆದುಕೊಂಡೆ.
(ಮೇಕೆ ತಾನಾಗಿಯೇ ಬಂತು.
ಆ ಪುಣ್ಯ ನನ್ನ ಹೆಸರಿಗೆ ಜಮೆಯಾಯಿತು.)

ಶ್ರಾವಣದ ಒಂದು ಮಧ್ಯಾಹ್ನ ಮೈಮೂನಾಬಿ ಬಂದಳು.
ಕೂರಲಿಲ್ಲ.
ಹತ್ತೊಂಬತ್ತು ವರ್ಷದ ಹಿಂದೆ, ರಂಜಾನಿನಲ್ಲಿ,
ಇದೇ ಬಾಗಿಲಿಂದ ಮಗನನ್ನು ಒಳಗೆ ಕರಕೊಂಡರಂತೆ.
ಹೊರಗೆ ಬಂದದ್ದನ್ನು ಯಾರೂ ಕಂಡಿಲ್ಲ.
ಅಂತ ಹುಡುಗನೇ ಇಲ್ಲಿಗೆ ಬಂದಿಲ್ಲ, ಎಂದರಂತೆ.
ಕಾಗದ ಕೊಡಲಿಲ್ಲ, ಕಾಗದ ತಗೊಳ್ಳಲೂ ಇಲ್ಲ.
ಬರಕೋ, ಎಂದಳು.

ರಿಜಿಸ್ಟರಿನಲ್ಲಿ ಇದ್ದ ಕಾಲಮ್ಮುಗಳು ಇದ್ದಂತೆಯೇ ಇದ್ದವು.
ಪುಸ್ತಕದ ಹೆಸರು: ಅಸ್ಲಮ್, ನೀಲಿ ಶರ್ಟು.
ಒಯ್ದವರು: ಅವಳಿಗೆ ಹೆಸರು ಗೊತ್ತಿಲ್ಲ.
ಒಯ್ದ ದಿನ: ಇಪ್ಪತ್ತೇಳನೇ ರೋಜಾ.
ಹಿಂದಿರುಗಿಸುವ ತಾರೀಖು...
ಪೆನ್ನು ಅಲ್ಲೇ ನಿಂತಿತು. ಅವಳೂ ನೋಡುತ್ತ ನಿಂತಳು.
ಓದು ಬರದವಳು; ಆದರೆ
ಖಾಲಿ ಮನೆ ಯಾವುದೆಂದು ಅವಳಿಗೆ ತಿಳಿಯಿತು.

ಆಮೇಲೆ ಪ್ರತಿ ಶುಕ್ರವಾರ ಬರುತ್ತಾಳೆ.
ಆ ಪುಟ ತೆಗೆಸಿ, ಗೆರೆಯ ಮೇಲೆ ಬೆರಳಾಡಿಸಿ,
ನೀರು ಕುಡಿದು ಹೋಗುತ್ತಾಳೆ.

ಇನ್ನೊಬ್ಬರ ವಿಷಯ ಹೇಳಬೇಕು.
ಢಮಾಲೆ ಹವಾಲ್ದಾರರು, ರಿಟೈರಾದವರು,
ಕಿಟಕಿ ಪಕ್ಕದ ಕುರ್ಚಿಯಲ್ಲಿ ದಿನವೂ ಪೇಪರು ಓದುತ್ತಾರೆ.
ಅದೇ ಕುರ್ಚಿ, ಅದೇ ಕಿಟಕಿ, ಡ್ಯೂಟಿಯಿದ್ದಾಗಿನದು.
ಶುಕ್ರವಾರ ಪೇಪರು ಮುಖದ ಮಟ್ಟಕ್ಕೆ ಏರುತ್ತದೆ.
ಫ್ಯಾನು ಕೆಟ್ಟು ಎಷ್ಟೋ ದಿನ,
ಆದರೂ ಅದರ ಅಂಚು ಅಲುಗುತ್ತಿರುತ್ತದೆ.

ಮೊನ್ನೆ ಅವಳು ಮೆಟ್ಟಿಲಿಳಿದ ಮೇಲೆ,
ಪೇಪರಿನ ಹಿಂದಿನಿಂದಲೇ ಅಂದರು:
ನೀಲಿ ಅಲ್ಲ. ಹಸಿರು.

ಹೊರಗೆ ಯಾರೋ ಸ್ಕೂಟರಿಗೆ ಕಿಕ್ ಹೊಡೆಯುತ್ತಿದ್ದರು,
ಹೊಡೆಯುತ್ತಲೇ ಇದ್ದರು.
ನಾನು ನೀಲಿಯನ್ನು ಹೊಡೆದುಹಾಕಲಿಲ್ಲ,
ಪಕ್ಕದಲ್ಲಿ ಹಸಿರು ಎಂದು ಬರೆದೆ.
ಹೇಳಿದವರು ಸಹಿ ಮಾಡಬೇಕು ಕಾಕಾ, ಎಂದೆ.

ಪೆನ್ನನ್ನು ಯಾರೂ ಒಯ್ಯಬಾರದೆಂದು
ಮೇಜಿನ ಮೊಳೆಗೆ ದಾರ ಕಟ್ಟಿಟ್ಟಿದ್ದೇನೆ.
ದಾರ ಗಿಡ್ಡ. ಕಿಟಕಿಯವರೆಗೆ ಎಟುಕುವುದಿಲ್ಲ.
ಅವರೇ ಎದ್ದು ಬರಬೇಕು.