ಜಿಪ್ ಕೆಟ್ಟೈತಿ

ಕೌಲ್ ಬಜಾರಿನ ತಗಡಿನ ಶೆಡ್ಡು:
ನಲವತ್ತು ಮಿಷಿನ್ನು, ಎರಡು ಫ್ಯಾನು, ಒಂದು ಕಕ್ಕಸು.
ಕಕ್ಕಸಿನ ಬಾಗಿಲಿಗೆ ಚಿಲಕವಿಲ್ಲ,
ಒಳಗಿದ್ದವಳು ಕೆಮ್ಮುತ್ತಿರಬೇಕು.
ಅದಕ್ಕೇ ನಾವು ನೀರು ಕುಡಿಯುವುದು ಕಮ್ಮಿ.

ನಾನು ಸುಂಕಮ್ಮ. ನನ್ನ ಪಾಲಿಗೆ ಬಂದದ್ದು
ಎರಡು ಕಾಲುಗಳ ನಡುವಿನ ಹೊಲಿಗೆ,
ಮುಂದಿನ ತುಂಡು ಹಿಂದಿನ ತುಂಡು ಕೂಡುವ ಜಾಗ.
ದಿನಕ್ಕೆ ಇನ್ನೂರು ಜೀನ್ಸು.
ಮದುವೆಯಾದಾಗಿನಿಂದ
ಹೆಬ್ಬೆರಳ ಉಗುರಿನ ನೀಲಿ ಹೋದದ್ದಿಲ್ಲ.

ಮಾರ್ಚಿಯಲ್ಲಿ ದವಡೆ ಹಲ್ಲು ಬಾತು
ಐದು ದಿನ ಕೆಂಪು-ಕಪ್ಪು ಗುಳಿಗೆ ನುಂಗಿದೆ.
ಹಲ್ಲು ಸುಮ್ಮನಾಯಿತು.
ಆರನೇ ದಿನ
ನಾನು ಹೊಲಿಯುವ ಜಾಗದಲ್ಲೇ
ನನ್ನ ಮೈ ಕೆರಳಿತು.

ತುರಿ. ಬಿಳಿ. ಒಡೆದ ಹಾಲಿನಂತೆ ಗಡ್ಡೆ ಗಡ್ಡೆ.
ಉಚ್ಚೆ ಹೊಯ್ದರೆ ಮೆಣಸಿನಕಾಯಿ.

ಅತ್ತೆ ಕಾವು ಅಂದಳು, ಸಬ್ಜಾ ಬೀಜ ನೆನೆಹಾಕಿದಳು.
ಮೆಡಿಕಲ್ಲಿನ ಹುಡುಗ ಮುಖ ನೋಡದೆ
ಟ್ಯೂಬೊಂದನ್ನು ಪೇಪರಿನಲ್ಲಿ ಸುತ್ತಿಕೊಟ್ಟ;
ಎರಡು ದಿನ ತಂಪು, ಮೂರನೇ ದಿನ ಇಮ್ಮಡಿ.
ಡೆಟಾಲು ಹಾಕಿ ತೊಳೆದ ರಾತ್ರಿ
ಗೋಡೆಗೆ ಹಣೆ ಒತ್ತಿ ನಿಂತೇ ಬೆಳಗು ಮಾಡಿದೆ.
ಬೇಕರಿಯಿಂದ ಬಂದ ಗಾದಿಲಿಂಗ ಮೈಮೇಲೆ ಕೈ ಇಟ್ಟರೆ
ಆ ಕಡೆ ತಿರುಗಿ ಮಲಗಿದೆ.
ಅವನು ಏನಂದುಕೊಂಡನೋ. ನಾನೂ ಏನೇನೋ ಅಂದುಕೊಂಡೆ,
ಯಾರ ಮೇಲೆ ಅಂತಲೇ ಗೊತ್ತಿಲ್ಲದ ಅನುಮಾನ.

ಪಕ್ಕದ ಮಿಷಿನ್ನಿನ ಖೈರುನ್‌ಗೂ ನನಗೂ ಒಂದು ಗುಟ್ಟಿನ ಮಾತುಂಟು:
"ಜಿಪ್ ಕೆಟ್ಟೈತಿ."
ಮುಟ್ಟಾದರೂ ಜಿಪ್ಪೇ, ಮುಟ್ಟು ನಿಂತರೂ ಜಿಪ್ಪೇ,
ಗಂಡ ಹೊಡೆದರೂ ಜಿಪ್ಪೇ.
ಹಾಗಾಗಿ ಅವತ್ತು ಆಕೆಗೆ ತಿಳಿಯಲಿಲ್ಲ.
"ಯಾವ ಜಿಪ್ಪು?" ಅಂತಾಳೆ ಓವರ್‌ಲಾಕಿನ ಗದ್ದಲದಲ್ಲಿ.
"ಕೆಳಗೆ!"
"ಏನು?"
ಗಂಟಲು ಹರಿಯುವಂತೆ ಕೂಗಿದೆ:
"ಕೆಳಗ ತುರಸ್ತೈತಿ, ಸಾಯೂಹಂಗ"

ಕರೆಂಟ್ ಹೋಯಿತು.

ನಲವತ್ತು ಮಿಷಿನ್ನು ಒಮ್ಮೆಲೇ ಬಾಯಿ ಮುಚ್ಚಿದವು.
ನನ್ನ ಮಾತು ತಗಡಿಗೆ ಬಡಿದು
ಎಲ್ಲರ ತಲೆಯ ಮೇಲೂ ಒಂದೊಂದು ಚೂರು ಬಿತ್ತು.
ಮೇಸ್ತ್ರಿ ರುದ್ರಮುನಿ, ಇಲ್ಲದ ಬೀಡಿ ಹುಡುಕುತ್ತ
ಹೊರಗೆ ನಡೆದ.

ಕತ್ತಲಲ್ಲಿ, ಗುಂಡಿ ಬಡಿಯುವ ಮೂಲೆಯಿಂದ
ಓಬಳಮ್ಮನ ದನಿ: "ನನಗೂ. ಮೂರು ವರ್ಸ."
ಆಮೇಲೆ ಇಸ್ತ್ರಿ ಕಡೆಯಿಂದ ಒಬ್ಬಳು.
ಆಮೇಲೆ ಯಾರೋ ನಕ್ಕರು, ತಡೆಯಲಾಗಲಿಲ್ಲ.

ಸೋಮವಾರ ಅರ್ಧ ಕೂಲಿ ಬಿಟ್ಟು ದೊಡ್ಡಾಸ್ಪತ್ರೆಗೆ ಹೋದೆವು.
ಡಾಕ್ಟರಮ್ಮ ಹತ್ತಿಕಡ್ಡಿಯಿಂದ ಒರೆಸಿ
ಗಾಜಿಗೆ ಸವರಿ ಕಳಿಸಿದಳು.
"ಈಸ್ಟ್" ಅಂದಳು.
ಅಲ್ಲವಾ, ನನ್ನ ಗಂಡ ಬನ್ನಿನ ಹಿಟ್ಟಿಗೆ ಹಾಕೋದು ಅದನ್ನೇ!
"ಅದಲ್ಲ, ಅದರ ದಾಯಾದಿ.
ಮೊದಲಿಂದಲೂ ನಿನ್ನೊಳಗೆ ಬಾಡಿಗೆಗಿತ್ತು.
ಕಾವಲಿಗಿದ್ದ ಒಳ್ಳೆ ಜೀವಿಗಳನ್ನ ಹಲ್ಲಿನ ಗುಳಿಗೆ ಕೊಂದಿತು,
ಸೆಕೆ, ಬೆವರು, ಹಸಿ ಬಟ್ಟೆ, ಇನ್ನೇನು ಬೇಕು,
ಪಡಸಾಲೆ ಅಡುಗೆಮನೆ ಎಲ್ಲ ಅದರದೇ ಆಯಿತು.
ಯಾರಿಂದಲೂ ತಂದದ್ದಲ್ಲ."
ಆ ಕೊನೆಯದನ್ನು ಇನ್ನೊಮ್ಮೆ ಹೇಳಿ ಅಂದೆ.
ಹೇಳಿದಳು.

ಆರು ರಾತ್ರಿ, ಒಳಗೆ ಇಟ್ಟುಕೊಂಡು ಮಲಗುವ ಗುಳಿಗೆ.
ತುರಿ ನಿಂತಿತೆಂದು ಮೂರಕ್ಕೇ ಬಿಡಬಾರದು.
ಡೆಟಾಲು ಬೇಡ, ಸೋಪೂ ಬೇಡ, ಬರೀ ನೀರು.
ಹತ್ತಿಯ ಚಡ್ಡಿ, ಬಿಸಿಲಲ್ಲಿ ಒಣಗಿದ್ದು.
ಬಳ್ಳಾರಿಯಲ್ಲಿ ಬಿಸಿಲಿಗೇನು ಬರ!
ಆದರೂ ನನ್ನ ಚಡ್ಡಿಗಳು ಅದನ್ನು ಕಂಡಿರಲಿಲ್ಲ,
ಲಂಗದಡಿ ಅವಿತು ಅರೆಹಸಿಯಾಗಿ ಮುಗ್ಗುತ್ತಿದ್ದವು.

ನಾಲ್ಕನೇ ರಾತ್ರಿ ಗಾದಿಲಿಂಗನಿಗೆ ಎಲ್ಲ ಹೇಳಿದೆ.
ಬೆರಳಿಗೆ ಒಣಗಿದ ಹಿಟ್ಟು ಕೆರೆಯುತ್ತ ಕೂತಿದ್ದ, ಬಹಳ ಹೊತ್ತು.
"ಬ್ಯಾಸಿಗ್ಯಾಗ ಹಿಟ್ಟು ತಟ್ಟಿ ದಾಟಿ ಉಕ್ಕತೈತಿ," ಅಂದ.
"ಹಿಟ್ಟಿಗೆ ಬೈತೀವೇನು?"

ಓಬಳಮ್ಮನದು ಮಾತ್ರ ಬೇರೆ ಕತೆ.
ಮತ್ತೆ ಮತ್ತೆ ಬರುತ್ತದೆ ಅಂದದ್ದಕ್ಕೆ
ಡಾಕ್ಟರಮ್ಮ ಆಕೆಯ ಬೆರಳು ಚುಚ್ಚಿಸಿದಳು:
ಮುನ್ನೂರ ಹನ್ನೆರಡು.
ಈಗ ಹನ್ನೊಂದರ ಚಾ ಬಂದಾಗಲೆಲ್ಲ
ಲೋಟ ಮೂಸಿ ಮುಖ ಕಿವಿಚಿ
ಮಿಷಿನ್ನುಗಳ ಮೇಲಿಂದ ಕೂಗುತ್ತಾಳೆ:
"ಮೂಳಿ, ನಿನ್ನ ಕರೆಂಟ್ ಹೋಗಿದ್ದಕ್ಕ
ನನ್ನ ಸಕ್ರಿ ಹೋತು ನೋಡು!"